ಇಗರ್ಜಿ ಒಡೆದದ್ದು, ಸಂಘ ಒಡೆದದ್ದು

(ಮಸ್ಕತ್‌ನಲ್ಲಿ ನಡೆದ ರಾಜ್ಯೋತ್ಸವ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ರಾಜ್ಯೋತ್ಸವದ ದಿನ ಕದಂಬರಿಂದ ಶುರು ಮಾಡಿ ಏಕೀಕರಣಕ್ಕೆ ಬಂದು ನಿಲ್ಲುವುದು ವಾಡಿಕೆ. ಇವತ್ತು ನಾನು ಬ್ರಹ್ಮಾವರದ ಒಂದು ಇಗರ್ಜಿಯ ಬಗ್ಗೆ ಮಾತಾಡುತ್ತೇನೆ. ಇದೇನಪ್ಪಾ ಎನ್ನಬೇಡಿ, ಕೊನೆಗೆ ನಮ್ಮ ವಿಷಯಕ್ಕೇ ಬರುತ್ತೇನೆ.

ರುವಿಯ ಚರ್ಚ್ ಆವರಣವನ್ನು ನೀವೆಲ್ಲ ನೋಡಿದ್ದೀರಿ. ಸುಲ್ತಾನ್ ಕಾಬೂಸ್ ಅವರು ಕೊಟ್ಟ ಜಾಗ ಅದು. ಕೆಥೊಲಿಕರು, ಪ್ರೊಟೆಸ್ಟಂಟರು, ಮಲಂಕರ ಆರ್ಥೊಡಾಕ್ಸರು ಅಕ್ಕಪಕ್ಕದಲ್ಲೇ ಪ್ರಾರ್ಥನೆ ಮಾಡುತ್ತಾರೆ. ಒಂದು ಶುಕ್ರವಾರ ನನ್ನ ಸಹೋದ್ಯೋಗಿಯೊಬ್ಬರನ್ನು ಕಾರಿನಲ್ಲಿ ಅಲ್ಲಿಗೆ ಬಿಟ್ಟೆ. ಅವರು ಬ್ರಹ್ಮಾವರದವರು, ಮನೆಮಾತು ಕೊಂಕಣಿ. ನೇರವಾಗಿ ಮಲಯಾಳಿಗಳೇ ತುಂಬಿದ್ದ ಆರ್ಥೊಡಾಕ್ಸ್ ಚರ್ಚಿನ ಕಡೆ ನಡೆದರು. ನನಗೆ ಆಶ್ಚರ್ಯ. ಕೊಂಕಣಿ ಕ್ರೈಸ್ತರೆಂದರೆ ಕೆಥೊಲಿಕರು ಎಂದೇ ನಾನು ತಿಳಿದಿದ್ದೆ. ಕೇಳಿದರೆ ನಕ್ಕು, "ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಪೂಜೆ ಸಿರಿಯನ್ ಪದ್ಧತಿ. ಅದೊಂದು ದೊಡ್ಡ ಕತೆ ಮಾರಾಯ್ರೆ" ಅಂದರು. ಆ ಕತೆಯ ಬೆನ್ನು ಹತ್ತಿ ಓದಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಪೋರ್ಚುಗೀಸರು 1507ರಲ್ಲಿ ಮಸ್ಕತ್ತನ್ನೂ 1510ರಲ್ಲಿ ಗೋವಾವನ್ನೂ ಹಿಡಿದರು. ಇಲ್ಲಿನ ಜಲಾಲಿ, ಮಿರಾನಿ ಕೋಟೆಗಳನ್ನು ಕಟ್ಟಿಸಿದವರೂ ಅವರೇ. ನಮ್ಮ ಕರಾವಳಿಯ ಅಕ್ಕಿ ಆ ಕಾಲದಲ್ಲಿ ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು. ಪೋರ್ಚುಗಲ್‌ನ ರಾಜನಿಗೆ ಪೋಪ್ ಒಂದು ಹಕ್ಕು ಕೊಟ್ಟಿದ್ದರು. ಪೂರ್ವ ದೇಶಗಳ ಇಗರ್ಜಿಗಳ ಖರ್ಚು ರಾಜನದು, ಬಿಷಪ್ ಯಾರಾಗಬೇಕೆಂದು ಹೆಸರು ಸೂಚಿಸುವ ಅಧಿಕಾರವೂ ರಾಜನದು. ಇದಕ್ಕೆ ಪದ್ರೊವಾದೊ, ಅಂದರೆ ಪೋಷಕತ್ವ ಎಂದು ಹೆಸರು. ರೋಮ್ 1622ರಲ್ಲಿ ಪ್ರೊಪಗಾಂಡ ಎಂಬ ತನ್ನದೇ ಇಲಾಖೆ ತೆರೆದು ನೇರವಾಗಿ ಪಾದ್ರಿಗಳನ್ನು ಕಳಿಸತೊಡಗಿತು. ಅಲ್ಲಿಂದ ಒಂದೇ ಧರ್ಮದೊಳಗೆ ಎರಡು ಆಡಳಿತ, ಎರಡು ಪಕ್ಷ. ಜಗಳ ದೇವರ ಬಗ್ಗೆ ಅಲ್ಲ, ಪಾದ್ರಿಯನ್ನು ಕಳಿಸುವವರು ಯಾರು ಎಂಬುದರ ಬಗ್ಗೆ.

1886ರಲ್ಲಿ ಪೋಪ್ 13ನೇ ಲಿಯೊ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಯಿತು. ಕೆನರಾದ ಇಗರ್ಜಿಗಳು ಗೋವಾದ ಕೈತಪ್ಪಿ ಮಂಗಳೂರಿನ ಆಡಳಿತಕ್ಕೆ ಸೇರಿದವು. ಗೋವಾದ ಪಾದ್ರಿಗಳು ಕೊಂಕಣಿ ಬಲ್ಲವರು, ತಲೆತಲಾಂತರದ ನಂಟಿನವರು. ಲಿಸ್ಬನ್ನಿನಲ್ಲೂ ರೋಮಿನಲ್ಲೂ ಕಾಗದಕ್ಕೆ ಸಹಿ ಬಿದ್ದಿತ್ತು. ಇಗರ್ಜಿಗೆ ಬರುವ ರೈತನನ್ನು ಮಾತ್ರ ಯಾರೂ ಕೇಳಲಿಲ್ಲ.

ಆಗ ಮುಂದೆ ಬಂದವರು ಗೋವಾದ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದ ಫಾದರ್ ಅಲ್ವಾರಿಸ್. ಪತ್ರಿಕೆ ನಡೆಸಿ ಸರ್ಕಾರವನ್ನೂ ಚರ್ಚನ್ನೂ ಟೀಕಿಸಿದ ಮನುಷ್ಯ. ಅವರು ಕೇರಳದ ಮಲಂಕರ ಸಭೆಯನ್ನು ಸೇರಿದರು. 1889ರ ಜುಲೈನಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಆದರು. ಬ್ರಹ್ಮಾವರದಲ್ಲಿ ಫಾದರ್ ರೋಕ್ ಝೆಫ್ರಿನ್ ನೊರೊನ್ಹಾ ಅವರ ಜೊತೆ ನಿಂತರು, 1936ರಲ್ಲಿ ತೀರಿಕೊಳ್ಳುವವರೆಗೂ ಆ ಸಮುದಾಯವನ್ನು ನಡೆಸಿದರು. ಒಂದೇ ಊರಿನ, ಒಂದೇ ಮಾತಿನ, ಒಂದೇ ಅಡುಗೆಯ ಜನ ಎರಡಾದರು. ಅಲ್ವಾರಿಸರನ್ನು 1895ರಲ್ಲಿ ಪೋರ್ಚುಗೀಸ್ ಸರ್ಕಾರ ಬಂಧಿಸಿತು. 1923ರಲ್ಲಿ ಅವರು ಗೋವಾದಲ್ಲೇ ತೀರಿಕೊಂಡರು.

ಇದು ನಮ್ಮ ಕಡೆಯ ವಿಚಿತ್ರ ಮಾತ್ರವೇ? ಅಲ್ಲ. ಸ್ಕಾಟ್ಲೆಂಡಿನಲ್ಲೂ ಇದೇ ಪೋಷಕತ್ವದ ಜಗಳವಿತ್ತು. 1712ರ ಕಾನೂನಿನಂತೆ ಊರ ಪಾದ್ರಿಯನ್ನು ಆರಿಸುವ ಹಕ್ಕು ಜಮೀನುದಾರನದು. ಜನರಿಗೆ ಅದು ಹಿಡಿಸಲಿಲ್ಲ, ಕೋರ್ಟುಗಳು ಜಮೀನುದಾರರ ಪರ ನಿಂತವು. 1843ರ ಮೇ 18ರಂದು ಎಡಿನ್‌ಬರೋದ ಮಹಾಸಭೆಯಿಂದ ಪಾದ್ರಿಗಳು ಸಾಲಾಗಿ ಎದ್ದು ಹೊರನಡೆದರು. ಒಟ್ಟು 474 ಮಂದಿ ಸಂಬಳ, ಮನೆ ಬಿಟ್ಟು ಥಾಮಸ್ ಚಾಮರ್ಸ್ ಮುಂದಾಳ್ತನದಲ್ಲಿ ಫ್ರೀ ಚರ್ಚ್ ಕಟ್ಟಿದರು. ಸ್ಟ್ರಾಂಷಿಯನ್ ಎಂಬಲ್ಲಿ ಜಮೀನುದಾರ ಗುಡಿ ಕಟ್ಟಲು ಜಾಗ ಕೊಡಲಿಲ್ಲ, ಜನ 1846ರಲ್ಲಿ ನೀರಿನ ಮೇಲೆ ತೇಲುವ ಕಬ್ಬಿಣದ ಚರ್ಚನ್ನೇ ತರಿಸಿದರು! ನಮ್ಮ ಮಂಗಳೂರಿನಲ್ಲಿ ಮೊಗ್ಲಿಂಗ್ ಅವರು ಮಂಗಳೂರ ಸಮಾಚಾರ ಶುರು ಮಾಡಿದ್ದೂ ಅದೇ 1843ರಲ್ಲಿ.

ಅವರು ಪೋಷಕ ಬೇಡವೆಂದು ಹೊರಬಂದರು, ನಮ್ಮವರು ಹಳೆಯ ಪೋಷಕನನ್ನು ಕಸಿದುಕೊಂಡದ್ದಕ್ಕೆ ಹೊರಬಂದರು. ಮೇಲುನೋಟಕ್ಕೆ ಎದುರುಬದುರು. ಆದರೆ ನೋವು ಒಂದೇ. ನಮ್ಮನ್ನು ಕೇಳದೆ ನಮ್ಮ ಬಗ್ಗೆ ತೀರ್ಮಾನ ಮಾಡಿದರು ಎಂಬ ನೋವು.

ಸ್ಕಾಟ್ಲೆಂಡಿನಲ್ಲಿ ಜಗಳದ ಮೂಲವಾದ ಕಾನೂನು 1874ರಲ್ಲೇ ರದ್ದಾಯಿತು. ಆದರೂ ಹೆಚ್ಚಿನವರು ಮತ್ತೆ ಒಂದಾದದ್ದು 1929ರಲ್ಲಿ. ಕಾರಣ ಹೋದ ಮೇಲೂ 55 ವರ್ಷ! ಅಷ್ಟರಲ್ಲಿ ಎಷ್ಟೋ ಊರುಗಳಲ್ಲಿ ಎರಡೆರಡು ಕಟ್ಟಡ, ಎರಡೆರಡು ಲೆಕ್ಕಪತ್ರ ಆಗಿಹೋಗಿದ್ದವು. ನಾವು ಸಾಫ್ಟ್‌ವೇರಿನವರಿಗೆ ಇದು ಗೊತ್ತು. ಕೋಡನ್ನು ಎರಡಾಗಿ ಕವಲೊಡೆಸಲು ಒಂದು ನಿಮಿಷ ಸಾಕು. ಮತ್ತೆ ಕೂಡಿಸುವ ಕೆಲಸ ತಡವಾದಷ್ಟೂ ಕಷ್ಟ.

ಈಗ ನಮ್ಮ ವಿಷಯ. ಕೆಲವು ವರ್ಷಗಳ ಹಿಂದೆ ನಾನಿದ್ದ ಕನ್ನಡ ಕೂಟ ಎರಡಾಯಿತು. ಆ ಸಂಜೆ ಹೊಸ ಸಮಿತಿಯ ಪಟ್ಟಿಯನ್ನು ಓದಿದರು, ಚಪ್ಪಾಳೆ ತಟ್ಟಿ ಎಂದರು. ಅರ್ಧ ಜನ ತಟ್ಟಿದರು, ಇನ್ನರ್ಧ ಎದ್ದು ಹೋದರು. ಆ ಪಟ್ಟಿಯನ್ನು ನಾಲ್ಕು ಜನ ಒಂದು ಫ್ಲಾಟಿನಲ್ಲಿ ಕೂತು ಮಾಡಿದ್ದರು. ಅದನ್ನು ಟೈಪ್ ಮಾಡಿದವನು ನಾನೇ. ಎದ್ದು ಹೋದವರನ್ನು "ಅಹಂಕಾರಿಗಳು" ಎಂದು ಬಹಳ ದಿನ ಬೈದೆ. ಬ್ರಹ್ಮಾವರದ ಕತೆ ಓದಿದ ಮೇಲೆ ನನಗೆ ನಾಚಿಕೆಯಾಯಿತು. ನಾವು ಅವರನ್ನು ಕೇಳಿಯೇ ಇರಲಿಲ್ಲ.

ಎರಡು ಯುಗಾದಿ, ಎರಡು ರಾಜ್ಯೋತ್ಸವ ನಡೆದರೆ ನಷ್ಟವೇನಿಲ್ಲ, ಎರಡು ಸಲ ಹೋಳಿಗೆ ಸಿಗುತ್ತದೆ. ನಷ್ಟವಾದದ್ದು ಮಕ್ಕಳ ಕನ್ನಡ ತರಗತಿ. ವಾರಕ್ಕೊಮ್ಮೆ ಹನ್ನೊಂದು ಮಕ್ಕಳು ಬರುತ್ತಿದ್ದರು. ಕಲಿಸುತ್ತಿದ್ದ ಅಕ್ಕ ಒಂದು ಕಡೆ, ಜಾಗ ಕೊಟ್ಟವರು ಇನ್ನೊಂದು ಕಡೆ. ತರಗತಿ ನಿಂತಿತು. ಅವರಲ್ಲಿ ಒಬ್ಬ ಹುಡುಗ ಈಗ ಅಜ್ಜಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಅವನು ನನ್ನ ಮಗ.

ನನ್ನ ಕೋರಿಕೆ ಎರಡು ಕೂಟಗಳನ್ನು ಇವತ್ತೇ ಒಂದು ಮಾಡಿ ಎಂದಲ್ಲ. ಬ್ಯಾನರ್ ಎರಡಿರಲಿ, ತರಗತಿ ಒಂದಿರಲಿ. ಅದಕ್ಕೆ ಯಾವ ಕೂಟದ ಹೆಸರೂ ಬೇಡ. ಯಾರು ಕಲಿಸಬೇಕು, ಯಾವ ದಿನ ಎಂಬುದನ್ನು ಮಕ್ಕಳ ತಂದೆತಾಯಂದಿರೇ ಕೂತು ತೀರ್ಮಾನಿಸಲಿ. ಈ ಸಲ ಪಟ್ಟಿಯನ್ನು ಯಾರೂ ಮೊದಲೇ ಟೈಪ್ ಮಾಡಿ ತರುವುದು ಬೇಡ. ಖಾಲಿ ಹಾಳೆಯೊಂದನ್ನು ಬಾಗಿಲ ಬಳಿ ಇಟ್ಟಿದ್ದೇನೆ. ಹೊರಡುವ ಮುನ್ನ ಮಗುವಿನ ಹೆಸರು, ನಿಮಗೆ ಅನುಕೂಲವಾದ ದಿನ ಬರೆಯಿರಿ.

ಜೈ ಕರ್ನಾಟಕ.