ಬೆಳ್ಳಿತೆರೆಯ ವೈದ್ಯರು, ನಮ್ಮ ಮನೆಯ ಹಿರಿಯರು



ವೈದ್ಯರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡಿ, ಊಟದ ಸರದಿಯಲ್ಲಿ ಹೋಳಿಗೆಯತ್ತ ಕೈಚಾಚುವವರನ್ನು ಹೆದರಿಸುವುದು ವಾಡಿಕೆ. ಇಂದು ನಾವು ಆ ಕಾರ್ಯಕ್ಕೆ ಕೈಹಾಕುವುದಿಲ್ಲ. ನಾವೆಲ್ಲ ನೋಡಿ ಬೆಳೆದ ಚಲನಚಿತ್ರಗಳಲ್ಲಿ ರೋಗಿಯ ಕೋಣೆ ಹೇಗಿತ್ತು, ಅದರಿಂದ ನಾವೇನು ಕಲಿತೆವು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ನಿಮ್ಮ ಮುಂದಿಡಬಯಸುತ್ತೇವೆ.

ಬೆಳ್ಳಿತೆರೆಯ ವೈದ್ಯರು ಅಸಾಧಾರಣ ಪ್ರತಿಭಾವಂತರು. ಪ್ರಯೋಗಾಲಯದ ಹಂಗಿಲ್ಲದೆ, ಕೈಯ ನಾಡಿಯನ್ನು ಮುಟ್ಟಿದ ಮಾತ್ರಕ್ಕೆ ಸೊಸೆ ತಾಯಿಯಾಗಲಿದ್ದಾಳೆಂದು ಸಾರಬಲ್ಲವರು. ತಲೆಗೆ ಬಿದ್ದ ಒಂದು ಪೆಟ್ಟಿನಿಂದ ಅಳಿದ ನೆನಪು ಅವರ ಲೋಕದಲ್ಲಿ ಇನ್ನೊಂದು ಪೆಟ್ಟಿನಿಂದ ಮರಳಿ ಬರುತ್ತದೆ. ಎಂ.ಬಿ.ಬಿ.ಎಸ್. ಓದುತ್ತಿದ್ದ ದಿನಗಳಲ್ಲಿ ಹಾಸ್ಟೆಲಿನಲ್ಲಿ ಕುಳಿತು ಇವನ್ನೆಲ್ಲ ನೆನೆದು ನಕ್ಕವರು ನಾವು. ಆದರೆ ಒಂದು ದೃಶ್ಯವನ್ನು ಕಂಡು ಮಾತ್ರ ಯಾರೂ ನಗುತ್ತಿರಲಿಲ್ಲ. ವೈದ್ಯರು ರೋಗಿಯ ಹೆಗಲು ತಟ್ಟಿ ಹೆದರಬೇಡಿರೆಂದು ಹೇಳುತ್ತಾರೆ. ಮಗನನ್ನು ಹೊರಗೆ ಕರೆದು ನಿಜವನ್ನು ತಿಳಿಸುತ್ತಾರೆ. ಮಗ ಕಣ್ಣೊರೆಸಿಕೊಂಡು, ನಗುಮುಖ ತಂದುಕೊಂಡು ಒಳಗೆ ಹೋಗುತ್ತಾನೆ. ಈ ದೃಶ್ಯ ನಗೆಗೀಡಾಗಲಿಲ್ಲ, ಏಕೆಂದರೆ ಅದು ಸುಳ್ಳಾಗಿರಲಿಲ್ಲ. ನಮ್ಮೂರ ಆಸ್ಪತ್ರೆಗಳ ಪಡಸಾಲೆಯಲ್ಲಿ ಅದು ನಿತ್ಯವೂ ನಡೆಯುತ್ತಿತ್ತು, ಇಂದಿಗೂ ನಡೆಯುತ್ತಿದೆ.

ರೆಸಿಡೆನ್ಸಿಗೆಂದು ಅಮೆರಿಕಕ್ಕೆ ಬಂದಾಗ, ಕ್ಯಾನ್ಸರ್ ಎಂಬ ಮಾತನ್ನು ರೋಗಿಯ ಎದುರಿಗೇ ಆಡುವುದನ್ನು ಕಂಡು ನಾವು ಬೆಚ್ಚಿದೆವು. ಇದು ಈ ನೆಲದ ಹುಟ್ಟುಗುಣವೆಂದೇ ನಮ್ಮ ಭಾವನೆಯಾಗಿತ್ತು. ಆದರೆ ವಸ್ತುಸ್ಥಿತಿ ಬೇರೆ. 1961ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 90 ವೈದ್ಯರು, ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ತಮ್ಮ ರೂಢಿಯೆಂದಿದ್ದರು. 1979ರ ಸಮೀಕ್ಷೆಯ ಹೊತ್ತಿಗೆ ಸುಮಾರು 97 ಮಂದಿ, ಹೇಳುವುದೇ ತಮ್ಮ ರೂಢಿಯೆಂದರು. ಹದಿನೆಂಟೇ ವರ್ಷಗಳಲ್ಲಿ ಇಲ್ಲಿನವರು ಬದಲಾದರೆಂದ ಮೇಲೆ, ಮುಚ್ಚಿಡುವುದು ನಮ್ಮ ಸಂಸ್ಕೃತಿ, ಬಿಚ್ಚಿಡುವುದು ಅವರದು ಎಂಬ ವಾದಕ್ಕೆ ಬಲವಿಲ್ಲ.

ನಮ್ಮ ಉತ್ತಮ ಚಿತ್ರಗಳಾದರೋ ಈ ಮುಚ್ಚುಮರೆಯನ್ನು ಎಂದೋ ದಾಟಿದ್ದವು. 1971ರ ಹಿಂದಿ ಚಿತ್ರ 'ಆನಂದ್'ನಲ್ಲಿ ತನ್ನ ಆಯುಸ್ಸು ಎಷ್ಟೆಂಬುದು ರೋಗಿಗೇ ಗೊತ್ತು, ಸಂಕಟಪಡುವವನು ವೈದ್ಯ. ಅದೇ ಕಾಲದಲ್ಲಿ ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 'ಶರಪಂಜರ'ವನ್ನು ತೆರೆಗೆ ತಂದರು. ಹೆರಿಗೆಯ ಬಳಿಕ ಮನಸ್ಸು ಕದಡಿ, ಚಿಕಿತ್ಸೆ ಪಡೆದು ಮನೆಗೆ ಮರಳುವ ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅವರನ್ನು ಯಾರು ತಾನೆ ಮರೆತಾರು? ಆಸ್ಪತ್ರೆ ವಾಸಿಮಾಡಿದ ಆ ಹೆಣ್ಣನ್ನು ಮನೆಯವರ ಸಂಶಯದ ನೋಟ ಮತ್ತೆ ರೋಗಿಯನ್ನಾಗಿಸಿತು. ಎಲ್ಲರೂ ಆಕೆಯ ಬಗ್ಗೆ ಮಾತನಾಡಿದರು, ಆಕೆಯೊಡನೆ ಮನಬಿಚ್ಚಿ ಮಾತನಾಡಿದವರು ವಿರಳ.

ಇದನ್ನು ನಿಮ್ಮ ಮುಂದೆ ಹೇಳಲು ಕಾರಣವಿದೆ. ಇಲ್ಲಿರುವ ಬಹುಮಂದಿಯ ತಂದೆತಾಯಿಗಳು ಬೆಂಗಳೂರಿನಲ್ಲಿಯೋ, ಮೈಸೂರಿನಲ್ಲಿಯೋ, ಧಾರವಾಡದಲ್ಲಿಯೋ ಇದ್ದಾರೆ. ನಡುರಾತ್ರಿ ದೂರವಾಣಿ ಮೊಳಗುತ್ತದೆ. ತಮ್ಮ ಪಿಸುದನಿಯಲ್ಲಿ, "ಅಣ್ಣ, ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ, ನೀನೂ ಹೇಳಬೇಡ" ಎನ್ನುತ್ತಾನೆ. ಬೆಳ್ಳಿತೆರೆಯ ಪಡಸಾಲೆ ಈಗ ಎಂಟು ಸಾವಿರ ಮೈಲಿ ಉದ್ದವಾಗಿದೆ, ಅಷ್ಟೆ. ಶಸ್ತ್ರಚಿಕಿತ್ಸೆ ಬೇಕೆ, ವೆಂಟಿಲೇಟರ್ ಹಾಕಿಸಬೇಕೆ ಎಂಬ ತೀರ್ಮಾನವನ್ನು ಎರಡು ಖಂಡಗಳ ಮಕ್ಕಳು ಮಾಡುತ್ತಾರೆ. ಯಾರ ದೇಹವೋ ಅವರನ್ನು ಯಾರೂ ಕೇಳಿರುವುದಿಲ್ಲ. ನಮ್ಮ ವೃತ್ತಿಯ ಅನುಭವದಲ್ಲಿ ರೋಗಿಗಳು ಬಹುತೇಕ ಎಲ್ಲವನ್ನೂ ಊಹಿಸಿರುತ್ತಾರೆ. ಮಕ್ಕಳು ನೊಂದಾರೆಂದು ಅವರೂ ಸುಮ್ಮನಿರುತ್ತಾರೆ. ಹೀಗೆ ಪ್ರೀತಿಯ ಹೆಸರಿನಲ್ಲಿಯೇ ಎರಡೂ ಕಡೆಯವರು ಒಂಟಿಯಾಗುತ್ತಾರೆ.

ಕಾನೂನೂ ಈಗ ದಾರಿ ತೆರೆದಿದೆ. ಮುಂದೆ ಮಾತನಾಡಲಾಗದ ಸ್ಥಿತಿ ಬಂದರೆ ತಮಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಭಾರತದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮಾನ್ಯಮಾಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಆದರೆ ಆ ಕಾಗದಕ್ಕಿಂತ ಮೊದಲು ಮಾತು ಬೇಕು.

ಆ ಮಾತು ಕಠಿಣವಾಗಬೇಕಿಲ್ಲ. "ಅಪ್ಪ, ನಿಮ್ಮ ಆರೋಗ್ಯದ ವಿಷಯ ಡಾಕ್ಟರು ಎಲ್ಲವನ್ನೂ ನಿಮಗೇ ಹೇಳಬೇಕೇ, ನಮಗೆ ಹೇಳಿದರೆ ಸಾಕೇ?" ಎಂದು ಕೇಳಿದರೆ ಆಯಿತು. "ನೀವೇ ನೋಡಿಕೊಳ್ಳಿ" ಎಂದು ಅವರು ಹೇಳಿದರೆ ಅದೂ ಒಂದು ಉತ್ತರ, ಅದನ್ನು ಗೌರವಿಸೋಣ. ಕೇಳದೆ ಊಹಿಸುವುದಕ್ಕೂ ಕೇಳಿ ಒಪ್ಪುವುದಕ್ಕೂ ಅಜಗಜಾಂತರವಿದೆ.

ಎಲ್ಲಿಂದ ಆರಂಭಿಸುವುದೆಂದು ತೋಚದವರಿಗೆ ನಮ್ಮದೊಂದು ಸಲಹೆ. ಹೇಮಂತ್ ರಾವ್ ನಿರ್ದೇಶನದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಎಂಬ ಚಿತ್ರ 2016ರಲ್ಲಿ ಬಂದಿತು. ಆಲ್ಜೈಮರ್ ಕಾಯಿಲೆಯ ತಂದೆಯಾಗಿ ಅನಂತನಾಗ್ ನಟಿಸಿದ್ದಾರೆ. ದೂರದ ಊರಿನಲ್ಲಿ ಉದ್ಯೋಗದಲ್ಲಿರುವ ಮಗನ ಕೈತಪ್ಪಿ ತಂದೆ ಕಳೆದುಹೋಗುತ್ತಾರೆ. ಹುಡುಕುತ್ತ ಹೋದಂತೆ, ತಂದೆ ಎಂಥವರೆಂಬುದು ಮಗನಿಗೆ ಇತರರ ಬಾಯಿಂದ ತಿಳಿಯುತ್ತ ಬರುತ್ತದೆ. ಮುಂದಿನ ಬಾರಿ ಊರಿಗೆ ಹೋದಾಗ ಈ ಚಿತ್ರವನ್ನು ಹಿರಿಯರ ಪಕ್ಕದಲ್ಲಿ ಕುಳಿತು ನೋಡಿರಿ. ಮುಗಿದ ಮೇಲೆ ಕಾಫಿ ಕುಡಿಯುತ್ತ, "ನಿಮಗೆ ಹೀಗಾದರೆ ನಾವೇನು ಮಾಡಬೇಕು?" ಎಂದು ಕೇಳಿರಿ. ಅವರ ನೆನಪೂ ಮಾತೂ ಗಟ್ಟಿಯಾಗಿರುವಾಗಲೇ ಕೇಳಿರಿ.