ಮಂಜುಗಡ್ಡೆಯ ಗಣಿತ, ಮಳೆಯ ಗಣಿತ

(ಕದರಮಂಡಲಗಿಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕಣದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದಾಗ ಒಂದು ಅಕಾಲಿಕ ಮಳೆ ಬಿದ್ದರೆ ಸಾಕು, ಬಣ್ಣ ಕೆಡುತ್ತದೆ, ದರ ಇಳಿಯುತ್ತದೆ. ರೇಡಿಯೋದಲ್ಲಿ ‘ಜಿಲ್ಲೆಯ ಕೆಲವೆಡೆ ಮಳೆ’ ಎನ್ನುತ್ತಾರೆ. ನಮ್ಮೂರಲ್ಲೋ, ಪಕ್ಕದ ಊರಲ್ಲೋ? ರೈತನಿಗೆ ಬೇಕಾದದ್ದು ಅದು.

ಹವಾಮಾನದ ಲೆಕ್ಕ ಮಾಡುವ ಕಂಪ್ಯೂಟರು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿಕೊಳ್ಳುತ್ತದೆ. 2025ರ ಮೇ ತಿಂಗಳಲ್ಲಿ ನಮ್ಮ ದೇಶ ಆರಂಭಿಸಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಚೌಕದ ಬದಿ 6 ಕಿ.ಮೀ. ಮೊದಲು 12 ಇತ್ತು. ಬದಿ ಅರ್ಧವಾದರೆ ಒಂದು ಚೌಕದ ಜಾಗದಲ್ಲಿ ನಾಲ್ಕು ಬರುತ್ತವೆ. ಕಾಲದ ಅಂತರವನ್ನೂ ಅರ್ಧಕ್ಕೆ ಇಳಿಸಬೇಕಾಗುವುದರಿಂದ ಕೆಲಸ ಸುಮಾರು ಎಂಟು ಪಟ್ಟಾಗುತ್ತದೆ. ಇಷ್ಟಾದರೂ ಎಷ್ಟೋ ಮೋಡಗಳು ಆ ಚೌಕಕ್ಕಿಂತ ಚಿಕ್ಕವು. ಹನಿಯಂತೂ ಮಿಲಿಮೀಟರಿನ ಮಾತು. ಕಂಪ್ಯೂಟರಿಗೆ ಕಾಣದ ಈ ಸಣ್ಣ ಸಂಗತಿಯನ್ನು ಒಂದು ಸೂತ್ರವಾಗಿಸಿ ದೊಡ್ಡ ಲೆಕ್ಕದಲ್ಲಿ ಸೇರಿಸಬೇಕು. ಕಷ್ಟವಿರುವುದು ಅಲ್ಲಿಯೇ.

ಧ್ರುವ ಪ್ರದೇಶದ ಸಮುದ್ರದ ಮಂಜುಗಡ್ಡೆಯನ್ನೇ ನೋಡಿ. ನಾವ್ಯಾರೂ ಅದನ್ನು ಕಂಡಿಲ್ಲ, ಇರಲಿ. ಉಪ್ಪುನೀರು ಹೆಪ್ಪುಗಟ್ಟಿದಾಗ ಉಪ್ಪು ಪೂರ್ತಿ ಹೊರಹೋಗುವುದಿಲ್ಲ. ಗಡ್ಡೆಯೊಳಗೆ ಕೂದಲೆಳೆಯಂಥ ಸಣ್ಣ ಗೂಡುಗಳಲ್ಲಿ ಗಾಢ ಉಪ್ಪುನೀರಾಗಿ ಉಳಿಯುತ್ತದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಗಣಿತಜ್ಞ ಕೆನೆತ್ ಗೋಲ್ಡನ್ ಮತ್ತು ಸಂಗಡಿಗರು 1998ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಈ ಉಪ್ಪುನೀರಿನ ಪಾಲು ಶೇ. 5ಕ್ಕಿಂತ ಕಡಿಮೆಯಿದ್ದರೆ ಗಡ್ಡೆಯ ಮೂಲಕ ನೀರು ಹರಿಯುವುದಿಲ್ಲವೆಂದೇ ಹೇಳಬಹುದು. ಅದನ್ನು ದಾಟಿದರೆ ಗೂಡುಗಳು ಒಂದಕ್ಕೊಂದು ಕೂಡಿಕೊಂಡು ದಾರಿ ತೆರೆಯುತ್ತದೆ. ಮಿಲಿಮೀಟರಿನೊಳಗಿನ ಈ ಒಂದು ಅಂಕಿ ಸಾವಿರಾರು ಕಿ.ಮೀ. ಮಂಜಿನ ಲೆಕ್ಕಕ್ಕೆ ಬೇಕಾಗುತ್ತದೆ.

ನಮ್ಮ ಮಕ್ಕಳು ಹತ್ತನೆಯ ತರಗತಿ ಮುಗಿದೊಡನೆ ಗಣಿತಕ್ಕೆ ಸಲಾಮ್ ಹೇಳುತ್ತಾರೆ. ಬೀಜಗಣಿತಕ್ಕೆ ‘ಅಲ್‌ಜಿಬ್ರಾ’ ಎಂಬ ಹೆಸರು ಬಂದದ್ದು ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯವರ ಗ್ರಂಥದಿಂದ ಎಂದು ಹೆಮ್ಮೆಪಡುವ ನಾವೇ, ಹುಡುಗಿಯರಿಗೆ ‘ಗಣಿತ ಯಾಕಮ್ಮಾ’ ಎನ್ನುತ್ತೇವೆ. ಅಂಥ ತಂದೆತಾಯಿಗಳಿಗೆ ನಾನು ಸುಲೋಚನಾ ಗಾಡ್ಗೀಳರ ಹೆಸರು ಹೇಳುತ್ತೇನೆ. ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತ ಓದಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಮುಂಗಾರನ್ನು ಅಧ್ಯಯನ ಮಾಡಿದರು. 1980ರಲ್ಲಿ ಡಿ.ಆರ್. ಸಿಕ್ಕಾ ಅವರೊಂದಿಗೆ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ, ಮೋಡದ ಪಟ್ಟಿಗಳು ಸಾಗರದಿಂದ ಉತ್ತರಕ್ಕೆ ಸರಿಯುವ ರೀತಿಯನ್ನು ವಿವರಿಸಿದರು. ಅಷ್ಟಕ್ಕೇ ನಿಲ್ಲದೆ ಪಾವಗಡದ ಶೇಂಗಾ ರೈತರೊಡನೆ ಕುಳಿತು, ಬಿತ್ತನೆಗೆ ಯಾವ ಕಾಲ ಒಳ್ಳೆಯದೆಂದು ಹುಡುಕಿದರು. 2025ರ ಜುಲೈನಲ್ಲಿ ಅವರು ತೀರಿಕೊಂಡರು. ಹಾವೇರಿಯ ಮೆಣಸಿನಕಾಯಿ ಕಣಕ್ಕೆ ಅಂಥ ಲೆಕ್ಕ ಮಾಡಿಕೊಡುವವರು ಬೇಕಾಗಿದ್ದಾರೆ.