ಪ್ರಶ್ನೆಯೊಳಗಿನ ಸುಳಿವು

ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯವರ ಪ್ರಸಿದ್ಧ ಪ್ರಯೋಗದಲ್ಲಿ ಮಗುವಿನ ಮುಂದೆ ಎರಡು ಸಾಲು ಬಿಲ್ಲೆಗಳಿರುತ್ತವೆ. ಎರಡೂ ಸಮವೇ ಎಂದರೆ ಮಗು ಹೌದೆನ್ನುತ್ತದೆ. ಒಂದು ಸಾಲನ್ನು ಹರವಿ ಅದೇ ಪ್ರಶ್ನೆ ಕೇಳಿದರೆ, ಐದು ವರ್ಷದ ಮಗು ಸಾಮಾನ್ಯವಾಗಿ ಉದ್ದದ ಸಾಲಿನಲ್ಲೇ ಹೆಚ್ಚಿದೆ ಎನ್ನುತ್ತದೆ. ಆ ವಯಸ್ಸಿಗೆ ಸಂಖ್ಯೆಯ ಸ್ಥಿರತೆ ತಿಳಿದಿರುವುದಿಲ್ಲ ಎಂಬುದು ಪಿಯಾಜೆಯವರ ತೀರ್ಮಾನ.

1974ರಲ್ಲಿ ಸೂಸನ್ ರೋಸ್ ಮತ್ತು ಮರಿಯನ್ ಬ್ಲ್ಯಾಂಕ್ ಮೊದಲ ಪ್ರಶ್ನೆಯನ್ನು ಕೈಬಿಟ್ಟು, ಸಾಲು ಹರವಿದ ಮೇಲೆ ಒಮ್ಮೆ ಮಾತ್ರ ಕೇಳಿದರು. ತಪ್ಪುಗಳು ಕಡಿಮೆಯಾದವು. ದೊಡ್ಡವರು ಕೇಳಿದ್ದನ್ನೇ ಮತ್ತೆ ಕೇಳಿದರೆ ಮೊದಲ ಉತ್ತರ ಸರಿಯಿಲ್ಲವೆಂದು ಮಗು ಊಹಿಸುತ್ತದೆ. ತರಗತಿಗಳಲ್ಲಿ ನಡೆಯುವುದೂ ಹಾಗೆಯೇ. ಅದನ್ನು ದಡ್ಡತನ ಎನ್ನುವುದು ಅನ್ಯಾಯ.

ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಉಪಾಯ ಹೂಡಿದರು. ತುಂಟ ಕರಡಿಬೊಂಬೆಯೊಂದು ನುಗ್ಗಿ ಸಾಲನ್ನು ಚೆದುರಿಸಿತು. ಬದಲಾವಣೆ ಪ್ರಯೋಗಕಾರರ ಉದ್ದೇಶವಲ್ಲ, ಆಕಸ್ಮಿಕ ಎನಿಸಿದಾಗ, ನಾಲ್ಕರಿಂದ ಆರು ವರ್ಷದ ಹೆಚ್ಚಿನ ಮಕ್ಕಳು ಎರಡೂ ಸಮ ಎಂದರು. ವಯಸ್ಸಿನ ಪಾತ್ರ ಇದರಿಂದ ಅಳಿಸಿಹೋಗುವುದಿಲ್ಲ. ಆದರೆ ಪಿಯಾಜೆ ಕಂಡ ತಪ್ಪುಗಳಲ್ಲಿ ಒಂದು ಪಾಲು ಪ್ರಶ್ನೆಯದೇ.

ಮಾರ್ಟಿನ್ ಹ್ಯೂಸ್ ಮತ್ತು ರಾಬರ್ಟ್ ಗ್ರೀವ್ 1980ರಲ್ಲಿ ಹಾಲು ದೊಡ್ಡದೋ ನೀರು ದೊಡ್ಡದೋ ಎಂಬಂಥ ಅರ್ಥವಿಲ್ಲದ ಪ್ರಶ್ನೆಗಳನ್ನೇ ಕೇಳಿದರು. ಬಹುತೇಕ ಮಕ್ಕಳು ಅವಕ್ಕೂ ಗಂಭೀರವಾಗಿ ಉತ್ತರ ಕೊಟ್ಟರು.